ಎಮ್ಮೆಯ ಪಾಲು

ಆಟೋ ನಗರದ ನಮ್ಮ ಮನೆಗೆ ಬಂದವರೆಲ್ಲ ಚಪಾತಿ ಹೊಗಳಿಯೇ ಹೋಗುತ್ತಿದ್ದರು. ಗಿರಣಿಯಿಂದ ಬಂದ ಗೋದಿ ಹಿಟ್ಟನ್ನು ಎರಡೆರಡು ಸಲ ಸಾಣಿಸುತ್ತಿದ್ದೆ. ಮೇಲುಳಿದ ತೌಡು ಹಿಂದಿನ ಓಣಿಯ ಎಮ್ಮೆಗೆ. ಬೆಳ್ಳಗಿನ ಚಪಾತಿ ಮನೆಮಂದಿಗೆ, ಹೊಗಳಿಕೆ ನನಗೆ!

ಆದರೆ ನನ್ನ ಹೊಟ್ಟೆ ಮೂರು ಮೂರು ದಿನ ಮುನಿಸಿಕೊಂಡು ಕೂಡುತ್ತಿತ್ತು. ತಲೆನೋವೆಂದರೆ ಊರಿಗೆಲ್ಲ ಹೇಳುತ್ತೇವೆ. ಇದನ್ನು ಯಾರಿಗೆ ಹೇಳುವುದು? ಒಂದು ದಿನ ರಕ್ತ ಕಂಡಿತು. ಹೆದರಿ ಡಾಕ್ಟರಲ್ಲಿಗೆ ಓಡಿದೆ. ಪರೀಕ್ಷಿಸಿ, "ಮೂಲವ್ಯಾಧಿ, ಈಗಷ್ಟೇ ಶುರುವಾಗಿದೆ" ಎಂದ ಆಕೆ ಕೇಳಿದರು: "ಹಿಟ್ಟು ಸಾಣಿಸ್ತೀರೇನು?"

ತೌಡಿನ ನಾರು ಕರಗುವುದಿಲ್ಲವಂತೆ. ನೀರು ಹಿಡಿದುಕೊಂಡು ಮಲವನ್ನು ಮೆದುಮಾಡಿ ಮುಂದೆ ಸಾಗಿಸುತ್ತದೆ. 2,000 ಕ್ಯಾಲೊರಿ ಊಟಕ್ಕೆ ಸುಮಾರು 30 ಗ್ರಾಂ ನಾರು ಬೇಕು. ಉಗಾಂಡಾದಲ್ಲಿ ದುಡಿದ ಡೆನಿಸ್ ಬರ್ಕಿಟ್ ಎಂಬ ಶಸ್ತ್ರವೈದ್ಯರು 1970ರ ದಶಕದಲ್ಲೇ ನಾರಿನ ಮಹತ್ವವನ್ನು ಜಗತ್ತಿಗೆಲ್ಲ ಸಾರಿದ್ದರು. ನಾನು ಅದನ್ನು ಎಮ್ಮೆಗೆ ಹಾಕುತ್ತಿದ್ದೆ!

ಅಂದೇ ಕಣಕಕ್ಕೆ ಎರಡು ಹಿಡಿ ತೌಡು ಸುರಿದೆ. ರಾತ್ರಿಯಿಡೀ ಹೊಟ್ಟೆ ನಗಾರಿಯಾಯಿತು. ಸ್ವಲ್ಪಸ್ವಲ್ಪವೇ ಹೆಚ್ಚಿಸಬೇಕು, ನೀರನ್ನೂ ಚೆನ್ನಾಗಿ ಕುಡಿಯಬೇಕು ಎಂಬ ಬುದ್ಧಿ ಆಮೇಲೆ ಬಂತು. ಈಗ ಸಣ್ಣ ಕಣ್ಣಿನ ಸಾಣಿಗೆ ಗೋಡೆಯ ಮೊಳೆಯಲ್ಲಿ ತೂಗುತ್ತಿದೆ. ಚಪಾತಿ ಕಂದಾಗಿದೆ, ಹೊಟ್ಟೆ ಹಗುರಾಗಿದೆ.

ಮೊನ್ನೆ ಎಮ್ಮೆಯ ಒಡತಿ ಬಂದಳು. "ಯಾಕ್ರೀ ಅಕ್ಕಾರ, ತೌಡು ಕೊಡೂದ ಬಿಟ್ರಲ್ಲ?" ನಾಚಿಕೆ ಬದಿಗಿಟ್ಟು ಎಲ್ಲ ಹೇಳಿದೆ. ಆಕೆ ಆಚೀಚೆ ನೋಡಿ ಬಾಗಿಲು ಮುಂದೆ ಮಾಡಿದಳು. "ನನಗೂ ವರ್ಷದಿಂದ ರಕ್ತ ಬೀಳಾಕತ್ತೈತ್ರಿ. ಯಾರಿಗೂ ಹೇಳಿಲ್ಲ."

ತೌಡಿನ ಮಾತು ಅಲ್ಲಿಗೇ ಬಿಟ್ಟೆ. ಚಪ್ಪಲಿ ಮೆಟ್ಟಿ, ಆಕೆಯನ್ನು ಕರೆದುಕೊಂಡು ಡಾಕ್ಟರಲ್ಲಿಗೆ ನಡೆದೆ.