ಮುಂದೆ ಹಗುರ

ಅಮೆರಿಕದಲ್ಲಿ ಗ್ಯಾಸ್ ಅಂದರೆ ಪೆಟ್ರೋಲ್. ನಾವು ಬಾಡಿಗೆಗೆ ತಂದ ಗ್ಯಾಸ್ ಮೋಟರ್ ಹೋಮ್‌ನಲ್ಲಿ ಅಪ್ಪ ಸಿಲಿಂಡರ್ ಹುಡುಕಿದರು. ಇತ್ತು, ಆದರೆ ಅದು ಒಲೆಗೆ. ಹಾಸನದ ಕಡೆ ಮೂವತ್ತು ವರ್ಷ ಬಸ್ ಓಡಿಸಿದವರು ಅವರು.

ವಯೋಮಿಂಗ್‌ನ ಇಂಟರ್‌ಸ್ಟೇಟ್ 80ರಲ್ಲಿ, ಲಾರಮಿ ದಾಟಿದ ಮೇಲೆ, ಗಾಳಿ ಶುರುವಾಯಿತು. ಪಕ್ಕದಲ್ಲಿ ಬರುವ ಪ್ರತಿ ಲಾರಿಯೂ ಮೊದಲು ಆಚೆ ತಳ್ಳುತ್ತದೆ, ಮುಂದೆ ಹೋಗುವಾಗ ತನ್ನತ್ತ ಎಳೆಯುತ್ತದೆ. ಹಿಂದಿನ ಸೀಟಿನಲ್ಲಿ ಮಕ್ಕಳು. ನನ್ನ ಅಂಗೈ ಬೆವರಿ ಜಾರುತ್ತಿತ್ತು, ನಾನು ಗಾಳಿಯನ್ನು ಬೈಯುತ್ತಿದ್ದೆ.

"ಬರೀ ಗಾಳಿ ಅಲ್ಲ ಕಣೋ. ಮುಂದ್ಗಡೆ ಹಗುರ ಆಗೈತೆ, ಸ್ಟೇರಿಂಗ್ ತೇಲ್ತೈತೆ," ಅಂದರು ಅಪ್ಪ.

ಎಂಜಿನ್ ಮುಂದೆಯೇ ಇದೆಯಲ್ಲ ಎಂದು ವಾದಿಸಿದೆ. ಲಾರಿಗಳನ್ನು ತೂಗುವ ಕಡೆ ನಿಲ್ಲಿಸಿ ಮುಂದಿನ ಚಕ್ರ, ಹಿಂದಿನ ಚಕ್ರ ಬೇರೆ ಬೇರೆ ತೂಗಿಸಿದಾಗ ವಾದ ಮುಗಿಯಿತು. ಹಿಂದಿನ ಚಕ್ರದಾಚೆ ಚಾಚಿದ ಉದ್ದನೆಯ ಬಾಲದಲ್ಲಿ ತುಂಬಿದ ನೀರಿನ ಟ್ಯಾಂಕು, ಅಕ್ಕಿ ಮೂಟೆ, ಮಡಚುವ ಕುರ್ಚಿಗಳು. ಏತದ ಹಾಗೆ, ಬಾಲ ಇಳಿದರೆ ಮೂತಿ ಏಳುತ್ತದೆ. ಆ ತೂಕಕ್ಕೆ ಮುಂದಿನ ಟೈರುಗಳಲ್ಲಿ ಗಾಳಿಯೂ ಜಾಸ್ತಿಯಿತ್ತು.

ಅರ್ಧ ನೀರು ಚೆಲ್ಲಿದೆವು. ಮೂಟೆ ನನ್ನ ಸೀಟಿನ ಹಿಂದಕ್ಕೆ ಬಂತು. ಟೈರಿನ ಗಾಳಿಯನ್ನು ತೂಕದ ಪಟ್ಟಿ ನೋಡಿ ಇಳಿಸಿದೆವು.

ಹೊರಗಿನ ಗಾಳಿಯೇನೂ ನಿಲ್ಲಲಿಲ್ಲ. ಸ್ಟೇರಿಂಗ್ ಮಾತ್ರ ಮಾತು ಕೇಳತೊಡಗಿತು. ರಾಲಿನ್ಸ್ ಬರುವಷ್ಟರಲ್ಲಿ, ನಾನು ಓಡಿಸುವಾಗ ಎಂದೂ ಕಣ್ಣು ಮುಚ್ಚದ ಅಪ್ಪ ಗೊರಕೆ ಹೊಡೆಯುತ್ತಿದ್ದರು.