ರಾಜಕುಮಾರನಿಗೆ ನಿವೃತ್ತಿ

ಬಸವನಗುಡಿಯ ಆ ಮನೆಯ ಯಜಮಾನರು ಸರಕಾರಿ ನೌಕರಿಯಿಂದ ನಿವೃತ್ತರಾಗುವುದಕ್ಕೆ ಇನ್ನು ಮೂರೇ ತಿಂಗಳು ಉಳಿದಿದ್ದವು. ಅಂಥ ಕಾಲದಲ್ಲಿ ‘ನಿವೃತ್ತಿ’ ಎಂಬ ಶಬ್ದ ಮನೆಯೊಳಗೆ ಮೆಲ್ಲನೆ ಕಾಲಿಡುತ್ತದೆ; ಹೆಂಡತಿ ಅದನ್ನು ಅಡಿಗೆಮನೆಯಲ್ಲಿ ಮಾತ್ರ ಆಡುತ್ತಾಳೆ, ಮಕ್ಕಳು ಆಡುವುದೇ ಇಲ್ಲ. ಒಂದು ವರ್ಷದ ಮಟ್ಟಿಗೆ ಗುತ್ತಿಗೆಯ ಮೇಲೆ ಅದೇ ಕುರ್ಚಿಯಲ್ಲಿ ಮುಂದುವರಿಯಬಹುದೆಂದು ಮೇಲಿನವರಿಂದ ಬಂದ ಕಾಗದವೊಂದು ಮೇಜಿನ ಸೆಳೆಖಾನೆಯಲ್ಲಿ ಉತ್ತರವಿಲ್ಲದೆ ಬಿದ್ದಿತ್ತು. ಹೀಗಿರಲು, 2026ರ ಜನವರಿಯ ಕೊನೆಯ ಭಾನುವಾರ, ಎರಡನೆಯ ಕಾಫಿ ಇನ್ನೂ ಲೋಟದಲ್ಲಿ ಆರುತ್ತಿರುವಾಗ, ಮಗ ಮೊಬೈಲಿನಿಂದ ತಲೆಯೆತ್ತಿ, “ಅಪ್ಪಾ, ನಿಮ್ಮ ರಾಜಕುಮಾರನನ್ನು ಮತ್ತೆ ಮನೆಗೆ ಕಳುಹಿಸಿಬಿಟ್ಟರು” ಎಂದ.

ಯಾವ ರಾಜಕುಮಾರ ಎಂದು ತಂದೆ ಕೇಳಲಿಲ್ಲ. ಆ ಮನೆಯಲ್ಲಿ ರಾಜಕುಮಾರನೆಂದರೆ ಒಬ್ಬನೇ: ಬಿಳಿಯ ಉಡುಪು ತೊಟ್ಟು, ನೆಲಮಾಳಿಗೆಯ ಸೆರೆಮನೆಯೊಳಗೆ ಓಡುತ್ತ, ಕಂದಕಗಳನ್ನು ಹಾರುತ್ತ, ಅರುವತ್ತು ನಿಮಿಷಗಳೊಳಗೆ ರಾಜಕುಮಾರಿಯನ್ನು ಬಿಡಿಸಿಕೊಳ್ಳಬೇಕಾದ ‘ಪ್ರಿನ್ಸ್ ಆಫ್ ಪರ್ಷಿಯಾ’. ಅವನ ಕಥೆಯ ಮಾಲೆಗೆ ಸೇರಿದ 2003ರ ಆಟವೊಂದನ್ನು ಇಂದಿನ ಯಂತ್ರಗಳಿಗೆ ತಕ್ಕಂತೆ ಮರಳಿ ಕಟ್ಟುವುದಾಗಿ ಫ್ರಾನ್ಸಿನ ಯೂಬಿಸಾಫ್ಟ್ ಸಂಸ್ಥೆ 2020ರಲ್ಲಿ ಸಾರಿತ್ತು. ಕೆಲಸವನ್ನು ಮೊದಲು ಪುಣೆ ಮತ್ತು ಮುಂಬಯಿಯ ತನ್ನ ಶಾಖೆಗಳಿಗೆ ವಹಿಸಿತ್ತು. ಮೊದಲು ತೋರಿಸಿದ ಚಿತ್ರ ಅನೇಕರಿಗೆ ರುಚಿಸಲಿಲ್ಲ. ಬಿಡುಗಡೆಯ ದಿನ ಮುಂದೆ ಹೋಯಿತು, ಮತ್ತೂ ಮುಂದೆ ಹೋಯಿತು. 2022ರಲ್ಲಿ ಕೆಲಸವೇ ಕೆನಡಾದ ಮಾಂಟ್ರಿಯಲ್ ಶಾಖೆಗೆ ವರ್ಗವಾಯಿತು. ಈಗ, ಅಂದರೆ ಆ ಜನವರಿಯಲ್ಲಿ, ಇಡಿಯ ಯೋಜನೆಯೇ ರದ್ದಾಗಿತ್ತು.

“ಒಳ್ಳೆಯದೇ ಆಯಿತು ಬಿಡು. ದಣಿದವನನ್ನು ಇನ್ನೆಷ್ಟು ಸಲ ಓಡಿಸುವುದು?” ಎಂದರು ತಂದೆ.

“ಹಾಗಾದರೆ ಹಳೆಯ ಆಟಗಳನ್ನೆಲ್ಲ ನಿಲ್ಲಿಸಿಬಿಡಬೇಕೆನ್ನುತ್ತೀರಾ? ಮಾರಿಯೋ ನಿಮಗಿಂತ ಹೆಚ್ಚು ಕಾಲ ನೌಕರಿ ಮಾಡಿಲ್ಲವೇ?”

ಮಾತು ಹರಿತವಾಗಿತ್ತು. ಆದರೆ ಸುಳ್ಳಾಗಿರಲಿಲ್ಲ. ಜಪಾನಿನ ನಿಂಟೆಂಡೊ ಸಂಸ್ಥೆಯ ಮಾರಿಯೋ 1981ರಲ್ಲಿ ‘ಡಾಂಕಿ ಕಾಂಗ್’ ಆಟದ ಏಣಿ ಹತ್ತಿದವನು. 1983ರಲ್ಲಿ ತನ್ನ ಹೆಸರಿನ ಆಟಕ್ಕೆ ಒಡೆಯನಾದ. 1996ರಲ್ಲಿ ಚಪ್ಪಟೆಯಾದ ಲೋಕವನ್ನು ಬಿಟ್ಟು ಉದ್ದಗಲ ಎತ್ತರಗಳುಳ್ಳ ಲೋಕಕ್ಕೆ ಜಿಗಿದ. ಇಂದಿಗೂ ಜಿಗಿಯುತ್ತಲೇ ಇದ್ದಾನೆ. ಅವನಿಗೆ ಮುಪ್ಪಿಲ್ಲ. ಮುಪ್ಪಿಲ್ಲದಿರುವುದಕ್ಕೆ ಕಾರಣವೂ ಸರಳವೇ: ಅವನಿಗೆ ಹೇಳಿಕೊಳ್ಳುವಂಥ ಕಥೆಯೇ ಇಲ್ಲ. ಕಥೆಯಿಲ್ಲದವನಿಗೆ ಕೊನೆ ಎಲ್ಲಿಂದ ಬರಬೇಕು? ತೊಡಕಿರುವುದು ಕಥೆಯುಳ್ಳವರ ವಿಷಯದಲ್ಲಿ.

ರಾಜಕುಮಾರನ ಹುಟ್ಟೇ ಒಂದು ಸ್ವಾರಸ್ಯವಾದ ಕಥೆ. ಅವನನ್ನು ರೂಪಿಸಿದ ಜೋರ್ಡನ್ ಮೆಕ್ನರ್ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಓದಿದ ತರುಣ. ಓದುತ್ತಿರುವಾಗಲೇ ‘ಕರಾಟೆಕ’ ಎಂಬ ಆಟ ಬರೆದು ಹೆಸರು ಮಾಡಿದ್ದ. ಮುಂದಿನ ಆಟದ ನಾಯಕ ಬೊಂಬೆಯಂತೆ ಕುಣಿಯದೆ ಮನುಷ್ಯನಂತೆ ಓಡಬೇಕೆಂದು ಅವನ ಹಟ. ಅದಕ್ಕಾಗಿ ತನ್ನ ತಮ್ಮನಿಗೆ ಬಿಳಿಯ ಬಟ್ಟೆ ತೊಡಿಸಿ, ಓಡಿಸಿ, ಹಾರಿಸಿ, ಗೋಡೆಗೆ ಜೋತುಬೀಳಿಸಿ ವಿಡಿಯೋ ತೆಗೆದುಕೊಂಡ. ಆಮೇಲೆ ಆ ಚಿತ್ರಗಳನ್ನು ಒಂದೊಂದಾಗಿ ಬಿಡಿಸಿ ಆಪಲ್ ಕಂಪ್ಯೂಟರಿನೊಳಗೆ ಇಳಿಸಿದ. ಕತ್ತಿವರಸೆಗೆ 1938ರ ರಾಬಿನ್‌ಹುಡ್ ಚಲನಚಿತ್ರ ಒದಗಿತು. ಸಂಗೀತವನ್ನು ರಚಿಸಿದವರು ಅವನ ತಂದೆ. ಒಟ್ಟಿನಲ್ಲಿ ಅದು ಒಂದು ಮನೆಯವರ ಕೈಕೆಲಸ.

ಆ ಕಂಪ್ಯೂಟರಿನ ಸ್ಮರಣಶಕ್ತಿಯೋ ಬಹಳ ಕಿರಿದು. ನಾಯಕನ ಚಲನೆಗಳಿಗೇ ಜಾಗವೆಲ್ಲ ಮುಗಿದು, ಎದುರಾಳಿಯನ್ನು ಇಡಲು ಎಡೆಯಿಲ್ಲವಾಯಿತು. ಆಗ ಮೆಕ್ನರ್ ನಾಯಕನ ಚಿತ್ರಗಳನ್ನೇ ಒಂದಿಷ್ಟು ಮಾರ್ಪಡಿಸಿ ಅವನ ನೆರಳನ್ನು ಸೃಷ್ಟಿಸಿದ. ನಾಲ್ಕನೆಯ ಹಂತದಲ್ಲಿ ಕನ್ನಡಿಯೊಂದು ದಾರಿಗೆ ಅಡ್ಡ ಬರುತ್ತದೆ. ರಾಜಕುಮಾರ ಅದರೊಳಗಿಂದ ಹಾರಿದಾಗ ನೆರಳು ಬೇರ್ಪಟ್ಟು ಓಡಿಹೋಗುತ್ತದೆ. ಮುಂದೆ ಅದೇ ನೆರಳು ಅವನಿಗೆ ದಕ್ಕಬೇಕಾದ ಔಷಧವನ್ನು ಕುಡಿಯುತ್ತದೆ, ಬಾಗಿಲು ಮುಚ್ಚುತ್ತದೆ, ಕೊನೆಗೆ ಹನ್ನೆರಡನೆಯ ಹಂತದಲ್ಲಿ ಕತ್ತಿ ಹಿಡಿದು ಎದುರು ನಿಲ್ಲುತ್ತದೆ. ಬಡತನದಿಂದ ಹುಟ್ಟಿದ ಈ ನೆರಳೇ ಆಟದ ಜೀವವಾಯಿತೆಂದರೆ ಅತಿಶಯೋಕ್ತಿಯಲ್ಲ.

1989ರಲ್ಲಿ ಆಟ ಹೊರಬಂದಾಗ ಆಪಲ್‌ನ ಆ ಯಂತ್ರದ ಕಾಲ ಮುಗಿಯುತ್ತ ಬಂದಿತ್ತು, ಮಾರಾಟ ಮಂದವಾಗಿತ್ತು. ಮರುವರ್ಷ ಡಾಸ್ ಕಂಪ್ಯೂಟರುಗಳಿಗೆ ಬಂದ ಮೇಲೆಯೇ ರಾಜಕುಮಾರನ ದಿಗ್ವಿಜಯ. ಆ ದಾರಿಯಲ್ಲಿಯೇ ಅವನು ಬೆಂಗಳೂರಿಗೂ ಬಂದ. ತೊಂಬತ್ತರ ದಶಕದಲ್ಲಿ ಈ ಊರಿನ ಕಚೇರಿಗಳಲ್ಲಿ, ಕಂಪ್ಯೂಟರ್ ಕಲಿಸುವ ಶಾಲೆಗಳಲ್ಲಿ, ಚಪ್ಪಲಿ ಹೊರಗೆ ಬಿಟ್ಟು ಒಳಹೋಗಬೇಕಾದ ತಣ್ಣನೆಯ ಕೋಣೆಗಳಲ್ಲಿ, ಫ್ಲಾಪಿಯಿಂದ ಫ್ಲಾಪಿಗೆ ಅವನು ಸಂಚರಿಸಿದ. ಬಸವನಗುಡಿಯ ಯಜಮಾನರು ಆಗ ಇಪ್ಪತ್ತೈದರ ಗುಮಾಸ್ತರು. ಮೇಲಧಿಕಾರಿಗಳ ಸ್ಕೂಟರಿನ ಸದ್ದು ಮರೆಯಾದ ಮೇಲೆ, ಲೆಕ್ಕಪತ್ರದ ಹಾಳೆಯನ್ನು ಮುಚ್ಚಿ, ಸೆರೆಮನೆಯ ಬಾಗಿಲು ತೆರೆಯುತ್ತಿದ್ದರು. ಆಟದ ಹೆಸರಿನ ಮುಂದೆ ‘ಮೆಗಾಹಿಟ್’ ಎಂದು ಬೆರಳಚ್ಚಿಸಿದರೆ ಕಳ್ಳದಾರಿಗಳು ತೆರೆಯುತ್ತಿದ್ದವು. ಸಹೋದ್ಯೋಗಿಗಳೆಲ್ಲ ಆ ದಾರಿಯಲ್ಲಿಯೇ ಹೋಗಿ ರಾಜಕುಮಾರಿಯನ್ನು ಕಂಡುಬಂದರು. ಇವರು ಹೋಗಲಿಲ್ಲ. ನೆರಳಿನವರೆಗೆ ನ್ಯಾಯವಾಗಿ ತಲುಪುತ್ತಿದ್ದರು. ಅಲ್ಲಿ ಪ್ರತಿ ಸಲವೂ ಸಾಯುತ್ತಿದ್ದರು. ನೆರಳಿಗೆ ಒಂದು ಏಟು ಕೊಟ್ಟರೆ ತಮಗೂ ಒಂದು ಏಟು ಬೀಳುತ್ತಿತ್ತು. ಅಷ್ಟರಲ್ಲಿ ಮದುವೆಯಾಯಿತು, ವರ್ಗವಾಯಿತು.

ಅತ್ತ ರಾಜಕುಮಾರನ ಬಾಳು ಮುಂದುವರಿಯಿತು. 1993ರಲ್ಲಿ ಎರಡನೆಯ ಭಾಗ ಬಂದಿತು. 1999ರಲ್ಲಿ ಮೂರು ಆಯಾಮಗಳ ಆಟವೊಂದು ಬಂದು ನಿರಾಶೆ ಹುಟ್ಟಿಸಿತು. ಕಾಲಕ್ಕೆ ತಕ್ಕ ಕೋಲ ಎಂಬುದು ಎಲ್ಲ ಕಡೆಯೂ ನಡೆಯುವುದಿಲ್ಲ. ಅಲ್ಲಿಗೆ ಮುಗಿಯಿತೆಂದು ಜನ ಎಣಿಸಿದ್ದಾಗ, 2003ರಲ್ಲಿ ಮಾಂಟ್ರಿಯಲ್‌ನಿಂದ ‘ದಿ ಸ್ಯಾಂಡ್ಸ್ ಆಫ್ ಟೈಮ್’ ಬಂದಿತು. ಅದರ ಕಥೆಯನ್ನು ಬರೆದವನು ಮೆಕ್ನರನೇ. ಮೊದಲ ಆಟದಲ್ಲಿ ಕಾಲವೇ ಶತ್ರು. ಅರುವತ್ತು ನಿಮಿಷ ಮುಗಿದರೆ ಎಲ್ಲವೂ ಮುಗಿಯಿತು. ಹೊಸ ಆಟದಲ್ಲಿ ನಾಯಕನ ಕೈಗೆ ಒಂದು ಕಠಾರಿ ಬರುತ್ತದೆ. ಅದರ ಬಲದಿಂದ ಕಳೆದ ಕ್ಷಣಗಳನ್ನು ಹಿಂದಕ್ಕೆ ಸುತ್ತಬಹುದು. ಬಿದ್ದವನು ಬೀಳದವನಾಗಬಹುದು. ಹಳೆಯ ಆಟದ ತಿರುಳು ಯಾವುದೆಂದು ಅರಿತವರಲ್ಲದೆ ಬೇರೆಯವರಿಗೆ ಹೊಳೆಯದ ಮಾರ್ಪಾಡು ಇದು. ಗೋಡೆಗಳು ಬದಲಾದವು, ಮೋರೆ ಬದಲಾಯಿತು, ಕಾಲದೊಡನೆ ಸೆಣಸಾಟ ಮಾತ್ರ ಉಳಿಯಿತು.

ಇದಕ್ಕಿಂತಲೂ ವಿಚಿತ್ರವಾದ ಸಂಗತಿ ಆಮೇಲೆ ನಡೆಯಿತು. ಅದೇ ತಂಡದವರು ಮಾಲೆಯ ಮುಂದಿನ ಆಟವನ್ನು ಯೋಚಿಸುತ್ತ, ಸಿಂಹಾಸನಕ್ಕಾಗಿ ಕಾದಿರುವ ರಾಜಕುಮಾರನಿಗಿಂತ ಅವನ ಅಂಗರಕ್ಷಕನಾದ ಹಂತಕನೇ ಹೆಚ್ಚು ಸ್ವಾರಸ್ಯದ ಮನುಷ್ಯನೆಂದು ಕಂಡುಕೊಂಡರು. ರಾಜಕುಮಾರನ ಆಟದಲ್ಲಿ ರಾಜಕುಮಾರನೇ ನಾಯಕನಲ್ಲದಿದ್ದರೆ ಹೇಗೆ ಎಂದು ಆಕ್ಷೇಪ ಬಂದಿತು. ಹೆಸರು ಕಳಚಿತು. 2007ರಲ್ಲಿ ‘ಅಸಾಸಿನ್ಸ್ ಕ್ರೀಡ್’ ಎಂಬ ಹೊಸ ಹೆಸರಿನಿಂದ ಹೊರಬಂದ ಆ ಕೂಸು ತಾನೇ ಒಂದು ದೊಡ್ಡ ವಂಶವಾಗಿ, ಹೆತ್ತ ಮನೆಯನ್ನೇ ಮರೆಸಿಬಿಟ್ಟಿತು. 2010ರಲ್ಲಿ ರಾಜಕುಮಾರನ ಮೇಲೆ ಹಾಲಿವುಡ್ ಚಲನಚಿತ್ರವೂ ಬಂದಿತು, ಆಟವೊಂದೂ ಬಂದಿತು. ಅಲ್ಲಿಂದ ಮುಂದೆ ದೀರ್ಘಕಾಲದ ಮೌನ. 2024ರ ಜನವರಿಯಲ್ಲಿ ಫ್ರಾನ್ಸಿನ ಮಾಂಪೆಲಿಯೇ ಶಾಖೆಯವರು ‘ದಿ ಲಾಸ್ಟ್ ಕ್ರೌನ್’ ತಂದರು. ಮೊದಲ ಆಟದಂತೆಯೇ ಪಕ್ಕದಿಂದ ನೋಡುವ ಲೋಕ. ಆದರೆ ನಾಯಕ ರಾಜಕುಮಾರನಲ್ಲ, ಅಪಹೃತನಾದ ರಾಜಕುಮಾರನನ್ನು ಅರಸಿ ಹೊರಟ ಸಾರ್ಗಾನ್ ಎಂಬ ಯೋಧ. ವಿಮರ್ಶಕರು ಬಾಯ್ತುಂಬ ಹೊಗಳಿದರು. ಮಾರಾಟ ಎಣಿಸಿದಷ್ಟಾಗಲಿಲ್ಲ. ಅದೇ ವರ್ಷ ತಂಡವನ್ನು ಚದುರಿಸಿ ಬೇರೆ ಬೇರೆ ಕೆಲಸಗಳಿಗೆ ಹಚ್ಚಲಾಯಿತು.

“ನೋಡಿದೆಯಾ? ಚೆನ್ನಾಗಿ ಮಾಡಿದರೂ ಅಷ್ಟೇ” ಎಂದರು ತಂದೆ. “ಚೆನ್ನಾಗಿ ಮಾಡಿದರಲ್ಲಾ, ಅದು ಸಾಲದೇ?” ಎಂದ ಮಗ. ಇಬ್ಬರ ಮಾತಿನಲ್ಲಿಯೂ ನ್ಯಾಯವಿದೆ. ಆದರೆ ತೀರ್ಪು ಕೊಡುವವರು ಇವರಿಬ್ಬರೂ ಅಲ್ಲ, ಲೆಕ್ಕಿಗರು. 2020ರ ‘ದಿ ಲಾಸ್ಟ್ ಆಫ್ ಅಸ್’ ಎರಡನೆಯ ಭಾಗಕ್ಕೆ ಸುಮಾರು 22 ಕೋಟಿ ಡಾಲರ್ ತಗಲಿತೆಂಬುದು 2023ರಲ್ಲಿ ಅಮೆರಿಕದ ನ್ಯಾಯಾಲಯದ ಕಾಗದಪತ್ರಗಳಿಂದ ಬಯಲಾಯಿತು. ಅಷ್ಟು ಹಣ ಸುರಿಯುವವನು ಅಪರಿಚಿತನಿಗಿಂತ ಪರಿಚಿತನನ್ನೇ ನೆಚ್ಚುವುದು ಲೋಕಾರೂಢಿ. ಹಳೆಯ ಹೆಸರು ಅವನಿಗೆ ಜಾಮೀನು. ಜಾಮೀನಿನ ಮೇಲೆ ಸಾಲ ಸಿಕ್ಕೀತು; ಹೊಸ ಯೋಚನೆ ಸಿಕ್ಕೀತೆಂದು ಹೇಳಲಾಗದು.

ಹಳೆಯ ಕಥೆಯನ್ನು ಮತ್ತೆ ಹೇಳುವುದೇ ತಪ್ಪೆಂದರೆ ಕನ್ನಡ ಸಾಹಿತ್ಯದ ಅರ್ಧ ಭಾಗವನ್ನು ಮೂಟೆ ಕಟ್ಟಬೇಕಾದೀತು. ಹತ್ತನೆಯ ಶತಮಾನದಲ್ಲಿ ಪಂಪ ಭಾರತವನ್ನು ಹೇಳಿದ. ಅವನ ಕಾವ್ಯದ ಒಂದು ಆಶ್ವಾಸವನ್ನೇ ಬೆಳಸಿ ರನ್ನ ‘ಗದಾಯುದ್ಧ’ ಕಟ್ಟಿದ. ರಾಮಾಯಣ ಬರೆದವರ ಹೊರೆಗೆ ಆದಿಶೇಷನೇ ಬಳಲಿದನೆಂದು ಪರಿಹಾಸ ಮಾಡಿದ ಕುಮಾರವ್ಯಾಸ ತಾನು ಕೈಗೆತ್ತಿಕೊಂಡದ್ದು ಮತ್ತೆ ಆ ಭಾರತವನ್ನೇ! ಆದರೆ ಪಂಪನಿಗೆ ಅರ್ಜುನ ನಾಯಕ, ರನ್ನನಿಗೆ ಭೀಮ, ಕುಮಾರವ್ಯಾಸನಿಗೆ ಕೃಷ್ಣ. ಕಥೆ ಒಂದಾದರೂ ಅದನ್ನು ಹಿಡಿದ ಕೈ ಬೇರೆ, ನೋಡಿದ ಕಣ್ಣು ಬೇರೆ. ಅವರಾರೂ ‘ಭಾರತ ಐದನೆಯ ಭಾಗ’ ಎಂದು ಬರೆಯಲಿಲ್ಲ. ಮಾಂಟ್ರಿಯಲ್‌ನವರ ಕಠಾರಿ, ಮಾಂಪೆಲಿಯೇಯವರ ಸಾರ್ಗಾನ್ ಈ ಜಾತಿಗೆ ಸೇರಿದವು. ಅದೇ ಮೋರೆಗೆ ಹೊಸ ಬಣ್ಣ ಬಳಿದ ಆಟಗಳು ಸೇರುವುದಿಲ್ಲ.

2005ರ ‘ಗಾಡ್ ಆಫ್ ವಾರ್’ ಆಟದ ಕ್ರೇಟೋಸ್ ಗ್ರೀಕ್ ದೇವತೆಗಳನ್ನು ಸೀಳಿಹಾಕುವ ಕೋಪಿಷ್ಠ. ನಾಲ್ಕಾರು ಆಟಗಳಲ್ಲಿ ಅದೇ ಕೋಪ. 2018ರಲ್ಲಿ ಅವನನ್ನು ಉತ್ತರದ ಹಿಮಕಾಡಿಗೆ ತಂದಾಗ, ಗಡ್ಡ ನರೆತಿತ್ತು; ಪಕ್ಕದಲ್ಲಿ ಒಬ್ಬ ಮಗನಿದ್ದ. ಹಿಂದಿನ ಕೋಪವನ್ನು ಅವರು ಅಳಿಸಲಿಲ್ಲ. ಮಗನಿಗೆ ಹೇಳಿಕೊಳ್ಳಲಾಗದ ಲಜ್ಜೆಯನ್ನಾಗಿ ಮಾಡಿದರು. ಮುಪ್ಪನ್ನು ಮರೆಮಾಚದೆ ಅದನ್ನೇ ಬಂಡವಾಳ ಮಾಡಿಕೊಂಡ ಆಟ ಅದು. ಜಪಾನಿನ ‘ಫೈನಲ್ ಫ್ಯಾಂಟಸಿ’ ಹದಿನಾಲ್ಕನೆಯ ಆಟವಂತೂ ನಿವೃತ್ತಿ, ಪುನರ್ಜನ್ಮ ಎರಡನ್ನೂ ಕಂಡಿತು. 2010ರಲ್ಲಿ ಬಂದು ಸೋತ ಆ ಲೋಕವನ್ನು 2012ರ ನವೆಂಬರಿನಲ್ಲಿ, ಆಕಾಶದಿಂದ ಚಂದ್ರನೊಂದನ್ನು ಬೀಳಿಸಿ, ಆಡುತ್ತಿದ್ದವರ ಕಣ್ಣೆದುರಿಗೇ ಮುಗಿಸಿದರು. ಮರುವರ್ಷ ಹೊಸದಾಗಿ ಕಟ್ಟಿ ತೆರೆದರು. ಸೋಲನ್ನು ಮುಚ್ಚದೆ ಕಥೆಯೊಳಗೇ ಸೇರಿಸಿದ ಆ ಧೈರ್ಯಕ್ಕೆ ಫಲ ಸಿಕ್ಕಿತು.

ಆದರೂ ತಂದೆಯ ಪಕ್ಷವನ್ನು ತಳ್ಳಿಹಾಕುವಂತಿಲ್ಲ. ನಿಲ್ಲಿಸುವುದು ಅವಮಾನವಲ್ಲ, ನಿಲ್ಲಿಸಿದ ಮೇಲೆ ಏನು ಮಾಡುತ್ತಾರೆಂಬುದೇ ಪ್ರಶ್ನೆ. ಈ ಉದ್ಯಮದಲ್ಲಿ ನಿವೃತ್ತಿ ಎಂದರೆ ಬಹುಮಟ್ಟಿಗೆ ದೇಶಭ್ರಷ್ಟತೆ. 2010ಕ್ಕೆ ಮುಂಚೆ ಅಮೆರಿಕದಲ್ಲಿ ಹೊರಬಂದ ಹಳೆಯ ಆಟಗಳಲ್ಲಿ ನೂರಕ್ಕೆ 87 ಇಂದು ಅಂಗಡಿಯಲ್ಲಿ ಕೊಳ್ಳಲು ಸಿಕ್ಕುವುದಿಲ್ಲವೆಂದು ಅಲ್ಲಿನ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿತು. ಮರಳಿ ಕಟ್ಟಲು ಕೋಟಿಗಟ್ಟಲೆ ಸುರಿಯುವವರು, ಇದ್ದುದನ್ನು ಇದ್ದಂತೆ ಕಾಪಾಡಲು ಕೈ ಹಿಂದೆಗೆಯುತ್ತಾರೆ. ಮೊದಲ ರಾಜಕುಮಾರನ ಸೋರ್ಸ್ ಕೋಡ್, ಎಂದರೆ ಆಟದ ಮೂಲ ಆದೇಶಗಳ ಬರಹ, ಬಹುಕಾಲ ಕಳೆದೇಹೋಗಿತ್ತು. 2012ರಲ್ಲಿ ಅದು ದೊರೆತದ್ದು ಯಾವ ಸಂಸ್ಥೆಯ ಭಂಡಾರದಲ್ಲಿಯೂ ಅಲ್ಲ. ಮೆಕ್ನರನ ತಂದೆ ಮನೆಯ ಕಪಾಟು ತೆಗೆದಾಗ, ಹಳೆಯ ಡಿಸ್ಕುಗಳ ಪೆಟ್ಟಿಗೆಯಲ್ಲಿ. ಸಂಗೀತ ರಚಿಸಿದ್ದ ಆ ತಂದೆಯೇ. ಮಗ ಅದನ್ನು ಯಾರು ಬೇಕಾದರೂ ಓದುವಂತೆ ಲೋಕದ ಮುಂದಿಟ್ಟ.

ಬಸವನಗುಡಿಯ ಮಗ ಈ ಸಂಗತಿ ಹೇಳಿದಾಗ ತಂದೆ ತುಸುಹೊತ್ತು ಸುಮ್ಮನಿದ್ದರು. ಆಮೇಲೆ, “ಅದನ್ನು ಈಗಲೂ ಆಡಬಹುದೇನೋ?” ಎಂದು ಕೇಳಿದರು.

ಸಂಜೆ ಮಗ ತನ್ನ ಲ್ಯಾಪ್‌ಟಾಪಿನಲ್ಲಿ ಹಳೆಯ ಡಾಸ್ ಯಂತ್ರವನ್ನು ಅಣಕಿಸುವ ವ್ಯವಸ್ಥೆಯೊಂದನ್ನು ಹೂಡಿಕೊಟ್ಟ. ಬೆರಳುಗಳಿಗೆ ಮೊದಮೊದಲು ಮರೆವು. ರಾಜಕುಮಾರ ಮೊಳೆಗಳ ಮೇಲೆ ಬಿದ್ದ, ಗರಗಸದ ಬಾಗಿಲುಗಳ ನಡುವೆ ಎರಡು ತುಂಡಾದ. ಕ್ರಮೇಣ ದಾರಿ ನೆನಪಿಗೆ ಬಂದಿತು. ರಾತ್ರಿ ಎಂಟರ ಹೊತ್ತಿಗೆ, ಮೂರನೆಯ ಸಲದ ಓಟದಲ್ಲಿ, ಅವರು ಹನ್ನೆರಡನೆಯ ಹಂತದ ಗೋಪುರವನ್ನೇರಿ ನೆರಳಿನ ಎದುರಿಗೆ ನಿಂತಿದ್ದರು. ಕತ್ತಿ ಹಿರಿದರು. ಒಂದು ಏಟು ಕೊಟ್ಟರು. ಒಂದು ಏಟು ತಿಂದರು.

“ಹೊಡೆಯಬೇಡಿ ಅಪ್ಪಾ,” ಎಂದ ಮಗ. “ಕತ್ತಿಯನ್ನು ಒರೆಗೆ ಹಾಕಿ.”

“ಹಾಕಿದರೆ ಕೊಂದುಬಿಡುತ್ತಾನೆ.”

“ಹಾಕಿ ನೋಡಿ.”

ಹಾಕಿದರು. ನೆರಳೂ ಹಾಕಿತು. ಮೂವತ್ತೈದು ವರ್ಷಗಳಲ್ಲಿ ಒಮ್ಮೆಯೂ ಮಾಡಿ ನೋಡಿರಲಿಲ್ಲ. ಅದರತ್ತ ಓಡಿದರು, ಅದೂ ಓಡಿಬಂದು ಅವರಲ್ಲಿ ಸೇರಿಹೋಯಿತು. ಮುಂದೆ ನೆಲವಿಲ್ಲದ ಕಡೆ ಕಾಲಿಟ್ಟರೆ ಅಡಿಯಲ್ಲಿ ನೆಲ ಮೂಡುತ್ತಿತ್ತು.

ಅಡಿಗೆಮನೆಯಿಂದ ಹೆಂಡತಿಯ ಧ್ವನಿ ಬಂದಿತು: “ರೀ, ಅನ್ನ ಆರಿಹೋಗುತ್ತಿದೆ. ನಾಳೆ ಸೋಮವಾರ, ರಜೆ. ಮಂಗಳವಾರ ಆ ಕಾಗದಕ್ಕೆ ಉತ್ತರ ಕೊಡಬೇಕಲ್ಲವೇ? ಏನು ಬರೆಯುತ್ತೀರಿ?”

“ತಡಿ, ತಡಿ,” ಎಂದರು ಅವರು, ಪರದೆಯಿಂದ ಕಣ್ಣು ತೆಗೆಯದೆ. “ಇನ್ನೂ ಹನ್ನೊಂದು ನಿಮಿಷ ಇದೆ.”