ಓಲೆ ಹೊತ್ತವರ ಹಾದಿ



ಹಸಿವು, ತೃಷೆ, ನಿದ್ರೆಗಳನ್ನು ಎದುರಿಗೆ ನಿಲ್ಲಿಸಿಕೊಂಡು, ತನಗೆ ಅಡ್ಡಬಾರದಿರೆಂದು ಕೇಳಿಕೊಳ್ಳುವ ವಚನವೊಂದು ಶರಣೆ ಅಕ್ಕಮಹಾದೇವಿಯವರದು. ತಾನು ಚೆನ್ನಮಲ್ಲಿಕಾರ್ಜುನನ ತುರ್ತಿನ ಓಲೆಯನ್ನು ಒಯ್ಯುತ್ತಿರುವೆನೆಂಬುದೇ ಅಕ್ಕ ಕೊಡುವ ಕಾರಣ. ಈ ವಚನದ ಅರ್ಥವನ್ನು ಅರಿಯಲು ಲೌಕಿಕದ ಒಂದು ನಿದರ್ಶನ ನೆರವಾಗುತ್ತದೆ.

ಆಷಾಢದ ಮಳೆ ಹಿಡಿದಾಗ ಕೊಪ್ಪ ತಾಲೂಕಿನ ಭಂಡಿಗಡಿಯ ಸುತ್ತಿನಲ್ಲಿ ಸೈಕಲ್ ತುಳಿಯುವುದೆಂದರೇನೆಂದು ಮಲೆನಾಡಿನ ಸದ್ಭಕ್ತರಿಗೆ ವಿವರಿಸಬೇಕಾಗಿಲ್ಲ. ಏರಿನಲ್ಲಿ ಉಸಿರು ಕಟ್ಟುತ್ತದೆ, ಇಳಿಜಾರಿನಲ್ಲಿ ಒದ್ದೆಯಾದ ಬ್ರೇಕು ಹಿಡಿಯದು, ತಿರುವಿನಲ್ಲಿ ಪಾಚಿ. ಇಂತಹ ಮಳೆಯಲ್ಲಿಯೇ ಮೂರು ಹಗಲು ಮೂರು ರಾತ್ರಿಗಳಿಗೂ ಮಿಕ್ಕಿ ತುಳಿಯುವವರಿದ್ದಾರೆ. ಫ್ರಾನ್ಸ್ ದೇಶದಲ್ಲಿ 1891ರಲ್ಲಿ ಆರಂಭವಾದ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಎಂಬ ಸವಾರಿಯು ಈಗ ನಾಲ್ಕು ವರ್ಷಗಳಿಗೊಮ್ಮೆ ನಡೆಯುತ್ತದೆ. 1200 ಕಿಲೋಮೀಟರಿಗೂ ಮಿಕ್ಕ ದೂರವನ್ನು ಹೆಚ್ಚೆಂದರೆ 90 ಗಂಟೆಗಳಲ್ಲಿ ಕ್ರಮಿಸಬೇಕು. ಅದಕ್ಕೆ ಮುನ್ನ 200, 300, 400 ಹಾಗೂ 600 ಕಿಲೋಮೀಟರುಗಳ ಸವಾರಿಗಳನ್ನು ಮುಗಿಸಿರಬೇಕು. ಇಂತಹ ಸವಾರಿಗಳು ನಮ್ಮ ಕರ್ನಾಟಕದಲ್ಲಿಯೂ ನಡೆಯುತ್ತವೆ. ಇಲ್ಲಿ ಮೊದಲಿಗ, ಕಡೆಯವ ಎಂಬ ಸ್ಥಾನಗಳಿಲ್ಲ. ಸವಾರನ ಕೈಯಲ್ಲೊಂದು ಚೀಟಿ, ತಾಣತಾಣದಲ್ಲಿ ಅದಕ್ಕೊಂದು ಮುದ್ರೆ, ಅಷ್ಟೆ.

2007ರ ಆಗಸ್ಟಿನಲ್ಲಿ ಅಲ್ಲಿ ಮಳೆ ಗಾಳಿಗಳು ಬಿಡದೆ ಕಾಡಿದವು. ಹೊರಟ ಐದು ಸಾವಿರಕ್ಕೂ ಹೆಚ್ಚು ಜನರಲ್ಲಿ ನೂರಕ್ಕೆ ಸುಮಾರು ಮೂವತ್ತು ಮಂದಿ ಗುರಿ ಮುಟ್ಟಲಿಲ್ಲ. ಅವರೆಲ್ಲರೂ ದುರ್ಬಲರೆಂದು ತಿಳಿಯುವುದು ಅವಿವೇಕ. ನಿದ್ದೆಗೆಟ್ಟ ಕಣ್ಣಿಗೆ ಕತ್ತಲಿನ ಇಳಿಜಾರು ಮೃತ್ಯುವಾಗಬಲ್ಲದೆಂದು ಅರಿತು ಸೈಕಲ್ಲಿನಿಂದ ಇಳಿಯುವುದಕ್ಕೂ ಧೈರ್ಯ ಬೇಕು.

ಇಲ್ಲಿಯೇ ಅಕ್ಕನ ವಚನ ಸೂಕ್ಷ್ಮವಾಗುತ್ತದೆ. ದೇಹದಂಡನೆಯೇ ಸಾಧನೆಯೆಂದು ನಂಬಿದ ತರುಣರು ಮಠಗಳ ಸುತ್ತಲೂ ಇದ್ದಾರೆ, ಸೈಕಲ್ ಸಂಘಗಳಲ್ಲಿಯೂ ಇದ್ದಾರೆ. ಅಕ್ಕ ಹಸಿವನ್ನು ಹಳಿಯಲಿಲ್ಲ, ಅದರೊಡನೆ ಮಾತನಾಡಿದರು. ನಿದ್ರೆಯನ್ನು ಗೆದ್ದೆನೆಂದು ಮೆರೆಯಲಿಲ್ಲ, ದಾರಿ ಬೇಡಿದರು. ಇಷ್ಟಲಿಂಗವನ್ನು ಧರಿಸಿದ ಕಾಯವು ಪ್ರಸಾದಕಾಯ; ಅದನ್ನು ಹಿಂಸಿಸುವುದು ಶರಣರ ಮತವಲ್ಲ. ಕಷ್ಟಕ್ಕೆ ಬೆಲೆ ಬರುವುದು ಓಲೆಯಿಂದ. ಓಲೆಯೇ ಇಲ್ಲದೆ ಓಡುವವನಲ್ಲಿ ಉಳಿಯುವುದು ಹಟ ಮಾತ್ರ, ಅದು ಅಹಂಕಾರದ ಇನ್ನೊಂದು ಹೆಸರು. ಶಿಕಾರಿಪುರ ಸೀಮೆಯ ಉಡುತಡಿಯಿಂದ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ನಡೆದ ಅಕ್ಕನಿಗೆ ಗಂಟೆಗಳ ಮಿತಿಯೂ ಇರಲಿಲ್ಲ, ಮುದ್ರೆಯ ಚೀಟಿಯೂ ಇರಲಿಲ್ಲ.

ಆ ಫ್ರೆಂಚ್ ಸವಾರಿಯಲ್ಲಿ ಭಕ್ತರು ಗಮನಿಸಬೇಕಾದ ಮತ್ತೊಂದು ಸಂಗತಿಯಿದೆ. ತಾಣಗಳ ನಡುವೆ ಸವಾರರಿಗೆ ಸ್ವಂತ ವಾಹನದ ಬೆಂಬಲ ನಿಷಿದ್ಧ. ಆದರೆ ಹಾದಿಬದಿಯ ಹಳ್ಳಿಗರು ಮನೆಯ ಮುಂದೆ ಮೇಜು ಹಾಕಿ, ನಡುರಾತ್ರಿಯಲ್ಲಿಯೂ ಎಚ್ಚರವಿದ್ದು, ಗುರುತು ಪರಿಚಯವಿಲ್ಲದವರಿಗೆ ನೀರು, ಕಾಫಿ, ತಿನಿಸು ನೀಡುತ್ತಾರೆ. ಇದನ್ನು ದಾಸೋಹವೆನ್ನದೆ ಬೇರೆ ಏನೆನ್ನಬೇಕು? ಅಂತಹ ಮನೆಯೊಂದರವರು ಹಣ ಮುಟ್ಟುತ್ತಿರಲಿಲ್ಲ. ಊರು ಸೇರಿದ ಮೇಲೆ ಒಂದು ಅಂಚೆಕಾರ್ಡು ಬರೆಯಿರೆಂದಷ್ಟೇ ಕೇಳುತ್ತಿದ್ದರು. ಹಾಗೆ ದೇಶದೇಶಗಳಿಂದ ಬಂದ ಓಲೆಗಳನ್ನು ಅವರು ಜೋಪಾನವಾಗಿರಿಸಿಕೊಂಡಿದ್ದರು.